ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆನ್ನು ಬಿಟ್ಟ ಪುಸ್ತಕ, ಅಜ್ಜನ ಕಿರ್ದಿ, ಖಣದ ರಟ್ಟು

ಹಳೇ ಪುಸ್ತಕ ಜೋಪಾನ ಮಾಡೂದರ ಬಗ್ಗೆ ಹೋದ ಸಂಚಿಕ್ಯಾಗ ನಾವು ಬರದದ್ದು ಓದಿ ಪತ್ರ ಬಾಳ ಬಂದಾವ್ರಿ. ಅದರಾಗ ಬೈಂಡಿಂಗ್ ಬಗ್ಗೆ ಕೇಳಿದ್ದಷ್ಟ ಈ ಸಲ ತಗೊಂಡೀವಿ.

ಪ್ರಶ್ನೆ: ಐದುನೂರು ಪುಟದ ಕಾದಂಬರಿ, ಎರಡು ಸಲ ಓದೂದ್ರಾಗ ನಡುವಿನ ಹಾಳಿ ಕಿತ್ತು ಕೈಗೆ ಬಂದಾವ. ಬೈಂಡರ್ ಹತ್ರ ಒಯ್ದ್ರ ‘ಬಾಜೂಕ ತೂತು ಕೊರದು ಹೊಲದು, ಅಂಚಿಗೆ ಕಟಿಂಗ್ ಹೊಡದು ಕೊಡ್ತೀನಿ, ಜನ್ಮಕ್ಕ ಬಿಡೂದಿಲ್ಲ’ ಅಂದ್ರು. ಹಾಕಸಲ್ಯೋ ಬ್ಯಾಡೋ? (ಓದುಗರು, ಧಾರವಾಡ)

ಉತ್ತರ: ಬೆನ್ನು ನೋಡೂಮಟ ಹೂಂ ಅನ್ನಬ್ಯಾಡ್ರಿ. ಪುಸ್ತಕ ಮುಚ್ಚಿ ಮ್ಯಾಲಿನ ಅಂಚಿನಿಂದ ಬೆನ್ನಿನ ಕಡೆ ನೋಡ್ರಿ. ಹಾಳಿ ಸಣ್ಣ ಸಣ್ಣ ಗುಂಪಾಗಿ, ಪ್ರತಿ ಗುಂಪಿನ ಮಡಿಕಿ ದುಂಡಗ ಕಾಣತಿದ್ರ ಅದು ಹೊಲದ ಪುಸ್ತಕ, ಬಿಚ್ಚಿ ಮತ್ತ ಅದ ಮಡಿಕ್ಯಾಗ ಹೊಲೀಬಹುದು. ಗುಂಪಿಲ್ಲದ ಬರೇ ಒಂದು ಪಟ್ಟಿ ಅಂಟು ಕಂಡ್ರ ಅದು ಪರ್ಫೆಕ್ಟ್ ಬೈಂಡಿಂಗ್. ಮಷೀನು ಮಡಿಕೀನ ಕೆರದು ಬಿಡಿ ಹಾಳಿ ಮಾಡಿ ಬಿಸಿ ಅಂಟು ಹಚ್ಚಿ ಕವರ್ ಒತ್ತತೈತಿ, ಕೆಲಸ ಲಗೂನ ಮುಗೀತೈತಿ, ರೊಕ್ಕಾನೂ ಕಡಿಮಿ, ಆದ್ರ ಆ ಹಾಟ್ ಮೆಲ್ಟ್ ಅಂಟು ಹಳೇದಾದಂಗ ಬಿರಸಾಗಿ, ದಪ್ಪ ಪುಸ್ತಕ ಪೂರಾ ಅಗಲಿಸಿದ್ರ ನಡುವ ಬಿರಕ ಬಿಡತೈತಿ. ನಿಮ್ಮದು ಇದ ಇರಬೇಕು.

ಬಾಜೂ ಹೊಲಿಗಿ ಗಟ್ಟಿ ಖರೆ. ಆದ್ರ ಒಳಗಿನ ಮಾರ್ಜಿನ್ ಹೆಚ್ಚೂಕಮ್ಮಿ 1 ಸೆಂಟಿಮೀಟರ್ ನುಂಗತೈತಿ, ಆಮ್ಯಾಲ ಎರಡೂ ಕೈಲೆ ಜಗ್ಗಿ ಹಿಡದ್ರಷ್ಟ ಸಾಲಿನ ಕೊನೀ ಅಕ್ಷರ ಕಾಣತಾವ, ಮ್ಯಾಲ ಕಟಿಂಗ್ ಬ್ಯಾರೆ ಹೊಡದ್ರ ಅಂಚಿನ್ಯಾಗಿನ ಪುಟದ ನಂಬರೂ ಹೋಗಬಹುದು. ಲೈಬ್ರರಿ ಪುಸ್ತಕದಾಗ ಈ ಅವತಾರ ನೀವೂ ನೋಡಿರತೀರಿ.

ಅದರ ಬದಲಿ ಹಿಂಗ ಮಾಡಸ್ರಿ. ಹಳೇ ಅಂಟು ಕೆರದು, ಹಾಳಿ ಕುಟ್ಟಿ ಸಮ ಮಾಡಿ, ಬೆನ್ನು ಮ್ಯಾಲ ಬರೂಹಂಗ ಎರಡು ಹಲಗಿ ನಡುವ ಹಿಡದು, ಹಾಳೀನ ಒಂದು ಕಡೆ ಬಗ್ಗಿಸಿ ಫೆವಿಕಾಲ್ ತೆಳ್ಳಗ ಹಚ್ಚಬೇಕು, ಆಮ್ಯಾಲ ಇನ್ನೊಂದು ಕಡೆ ಬಗ್ಗಿಸಿ ಮತ್ತೊಮ್ಮೆ. ಅಂಟು ಬರೇ ಅಂಚಿಗಲ್ಲ, ಪ್ರತಿ ಹಾಳಿಯ ಎರಡೂ ಮಗ್ಗಲಿಗೆ ಎಳಿಯಷ್ಟು ಒಳಗ ಹೋಗಿ ಒಂದನ್ನೊಂದು ಹಿಡೀತಾವ. ನಿಮ್ಮಂಥ ದಪ್ಪ ಪುಸ್ತಕಕ್ಕ ಹ್ಯಾಕ್ಸಾ ಬ್ಲೇಡಿನಿಂದ ಬೆನ್ನಿಗೆ ಅಡ್ಡ ಐದಾರು ಕಡೆ 2 ಮಿಲಿಮೀಟರಿನಷ್ಟು ಕಚ್ಚು ಹಾಕಿ, ಕಚ್ಚಿನ್ಯಾಗ ನೂಲಿನ ದಾರ ಅಂಟಿನ ಜೋಡಿ ಕುಂದರಿಸಿ, ಮ್ಯಾಲ ತೆಳು ಮಲ್‌ಮಲ್ ಬಟ್ಟಿ ಹಚ್ಚಿ ರಾತ್ರಿಪೂರ ಭಾರ ಇಡಬೇಕು. ಬೈಂಡರ್ ಗೊಣಗಿದ್ರ ನಾಕು ರೂಪಾಯಿ ಹೆಚ್ಚಿಗಿ ಕೊಡ್ರಿ.

ಪ್ರಶ್ನೆ: ನನ್ನ ಕವನಸಂಕಲನ 100 ಪುಟ ಆಗೈತಿ. ಪ್ರೆಸ್ಸಿನ್ಯಾಗ ‘ಎಷ್ಟು ಫಾರ್ಮು?’ ಅಂತ ಕೇಳ್ಯಾರ. ಹಂಗಂದ್ರ? (ಓದುಗರು, ಗದಗ)

ಉತ್ತರ: ಮುದ್ರಣ ಕಾಶಿ ಅನ್ನಿಸಿಕೊಂಡ ಊರಾಗ ಕುಂತು ನಮಗ ಕೇಳ್ತೀರಲ್ರಿ! ದೊಡ್ಡ ಹಾಳಿ ಎರಡೂ ಕಡೆ ಛಾಪಿಸಿ ಮೂರು ಸಲ ಮಡಚಿದ್ರ 8 ಹಾಳಿ, 16 ಪುಟ, ಅದ ಒಂದು ಫಾರ್ಮು. 6 ಫಾರ್ಮಿಗೆ 96 ಪುಟ ಆತು, ಉಳಿದ 4 ಪುಟ ಬ್ಯಾರೆ ತುಂಡು ಹಾಳಿ ಮ್ಯಾಲ ಬರಬೇಕು, ಮುಂದ ಕಿತ್ತು ಬರೂದೂ ಅವ ಮೊದಲು. ಅರ್ಧ ಫಾರ್ಮು ಕೂಡಿಸಿ 104 ಮಾಡ್ರಿ, ಇಲ್ಲಾ ಎರಡು ಮೂರು ಕವಿತಾ ತಗದು 96ಕ್ಕ ನಿಲ್ಲಸ್ರಿ. ಕವನಸಂಕಲನದಾಗ ತಗಿಯೂದು ಯಾವತ್ತೂ ಲುಕ್ಸಾನಲ್ಲ.

ಪ್ರಶ್ನೆ: ಅಜ್ಜನ ದಲಾಲಿ ಅಂಗಡಿಯ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ ಪುಸ್ತಕ ಅಟ್ಟದ ಮ್ಯಾಲ ಸಿಕ್ಕಾವ. ಅಂಚು ಹುಳ ತಿಂದೈತಿ, ಕೆಲವು ಹಾಳಿ ಹರದಾವ. ಮಗ ಲ್ಯಾಮಿನೇಶನ್ ಮಾಡಸೋಣು ಅಂತಾನ, ನಮ್ಮನಿಯವ್ರು ಸೆಲೋಟೇಪ್ ಸಾಕು ಅಂತಾರ. (ಓದುಗರು, ಬ್ಯಾಡಗಿ)

ಉತ್ತರ: ಎರಡೂ ಬ್ಯಾಡ್ರಿ, ಕೈ ಮುಗೀತೀನಿ. ಲ್ಯಾಮಿನೇಶನ್ ಒಮ್ಮೆ ಕಾಸಿ ಒತ್ತಿದ್ರ ಮುಗೀತು, ಹಾಳಿ ಹಾಳಾಗದಂಗ ಅದನ್ನ ಬಿಡಸಾಕ ಆಗೂದಿಲ್ಲ. ಸೆಲೋಟೇಪಿನ ಅಂಟು ವರ್ಷ ಕಳದಂಗ ಹಳದಿ ಆಗಿ ಕಾಗದದಾಗ ಇಳೀತೈತಿ, ಮ್ಯಾಲಿನ ಪಟ್ಟಿ ಒಣಗಿ ಉದುರಿ ಬೀಳತೈತಿ, ಕಲೆ ಅಷ್ಟ ಉಳೀತೈತಿ. ಪುಸ್ತಕ ಹುಳದಕಿಂತ ಹೆಚ್ಚಿಗಿ ರಿಪೇರಿಯಿಂದ ಸತ್ತದ್ದು ನಾವು ಬಾಳ ನೋಡೀವಿ. ನಾಳೆ ಯಾರಾರ ಬಿಚ್ಚಬೇಕಂದ್ರ ಬಿಚ್ಚಾಕ ಬರಬೇಕು, ಅಂಥಾ ಅಂಟು ಹಚ್ರಿ. ಅದು ಮನ್ಯಾಗ ಆಗತೈತಿ, ಮೈದಾ ಅಂಟು.

ಒಂದು ಚಮಚಾ ಮೈದಾಕ್ಕ ಐದು ಚಮಚಾ ನೀರು, ಮೊದಲು ತಣ್ಣೀರಾಗ ಗಂಟಿಲ್ಲದಂಗ ಕಲಸಿ ಸಣ್ಣ ಉರಿ ಮ್ಯಾಲ ಕೈ ಬಿಡದ ತಿರುವ್ರಿ. ಬೆಳ್ಳಗಿದ್ದದ್ದು ಸ್ವಲ್ಪ ಮಬ್ಬಗಾಗಿ ಚಮಚಾಕ್ಕ ಜೋತು ಬೀಳಾಕ ಹತ್ತಿದ್ರ ಇಳಸ್ರಿ, ಆರಿದ ಮ್ಯಾಲ ಬಟ್ಟ್ಯಾಗ ಸೋಸ್ರಿ. ಬೈಂಡರುಗಳು ಹುಳಕ್ಕಂತ ಚಿಟಿಕಿ ಮೈಲುತುತ್ತು ಹಾಕತಾರ, ನಿಮ್ಮ ಕಿರ್ದಿಗೆ ಬ್ಯಾಡ. ಅದರಾಗಿನ ತಾಮ್ರ ಹಳೇ ಕಾಗದಕ್ಕ ಛಲೋ ಅಲ್ಲ, ಮ್ಯಾಲ ಅದು ವಿಷ, ಮನ್ಯಾಗ ಹುಡುಗ್ರು ಇರತಾರ. ಅದಿಲ್ಲದ ಅಂಟು ಎರಡು ದಿನಕ್ಕ ಹುಳಿ ವಾಸನಿ ಹೊಡೀತೈತಿ, ಬೇಕಾದಷ್ಟ ಮಾಡ್ಕೊಳ್ರಿ.

ಹಚ್ಚೂಕಿಂತ ಮೊದಲು ಒದ್ದಿ ಹತ್ತಿ ಒಂದು ಅಕ್ಷರದ ತುದಿಗೆ ಮುಟ್ಟಿಸಿ ನೋಡ್ರಿ. ಮಸಿ ಹತ್ತಿಗೆ ಬಂದ್ರ ಅಲ್ಲೇ ನಿಲ್ರಿ, ಪುಸ್ತಕ ಹಂಗ ಅರಿವ್ಯಾಗ ಸುತ್ತಿ ಇಡ್ರಿ. ಬರದಿದ್ರ ತೆಳು ಟಿಶ್ಯೂ ಕಾಗದ (ಜಪಾನಿ ಟಿಶ್ಯೂ, ಅಂದ್ರ ಉದ್ದ ಎಳಿಯ ತೆಳು ಗಟ್ಟಿ ಕಾಗದ, ಸಿಕ್ರ ಬಾಳ ಛಲೋ) ಕತ್ತರಿಲೆ ಕತ್ತರಿಸದ ಕೈಲೆ ಹರೀರಿ, ಹರದ ಅಂಚಿನ ಜುಂಗು ಹಾಳಿಗೆ ಕಚ್ಚಿಕೊಳ್ಳತೈತಿ, ಪಟ್ಟಿ ಎದ್ದು ಕಾಣೂದಿಲ್ಲ. ಅಂಟು ಸವರಿ ಹರದಲ್ಲಿ ಕೂಡಿಸಿ ನೆರಳಿನ್ಯಾಗ ಭಾರ ಇಟ್ಟು ಒಣಗಸ್ರಿ. ನೀರು ತಾಗಿಸಿದ್ರ ಮುಂದ ಇದು ಬಿಚ್ಚಿ ಬರತೈತಿ.

ಅಟ್ಟ ಹುಡುಕುವಾಗ ಝಿಗ್‌ಜ್ಯಾಗ್ ಮಡಚಿದ ಕರೀ ಬಟ್ಟೀ ಕಟ್ಟು ಸಿಕ್ರ ಒಗೀಬ್ಯಾಡ್ರಿ, ಕಡತ ಇರಬಹುದು. ಬಟ್ಟಿಗೆ ಹುಣಸಿ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಬಳಪದಲೆ ಲೆಕ್ಕಾ ಬರೀತಿದ್ರು, ಒರಸಿದ್ರ ಅಕ್ಷರ ಹೋಗಿಬಿಡತಾವ. ಒದ್ದಿ ಅರಿವಿ ಅದರ ಹತ್ರ ಸುಳೀಬಾರದು.

ಪ್ರಶ್ನೆ: ಅವ್ವನ ಗುಳೇದಗುಡ್ಡ ಖಣ (ಕುಪ್ಪಸದ ಬಟ್ಟಿ) ರಟ್ಟಿಗೆ ಹಚ್ಚಿ ಡೈರಿ ಮಾಡಾಕ ಹೋದೆ. ಅಂಟು ಬಟ್ಟಿ ಮ್ಯಾಲ ಹೊರಗ ಬಂದು ಕಲೆ ಆತು, ರಟ್ಟು ಸೊಟ್ಟಾತು. (ಓದುಗರು, ಹುಬ್ಬಳ್ಳಿ)

ಉತ್ತರ: ಖಣ ಆಗ್ಲಿ, ಬೆಂಗೇರಿ ಖಾದಿ ಆಗ್ಲಿ, ಅಂಗಡಿಯಿಂದ ತಂದ ಬಟ್ಟಿ ಸೀದಾ ರಟ್ಟಿಗೆ ಹಚ್ಚಬಾರದ್ರಿ, ಎಳಿ ಸಂದಿನಿಂದ ಅಂಟು ಮ್ಯಾಲ ಬರತೈತಿ. ಬಟ್ಟೀನ ಮೊದಲು ಒಗದು ಬಣ್ಣ ಬಿಡ್ತೈತೇನು ನೋಡ್ರಿ. ಇಸ್ತ್ರಿ ಮಾಡಿ, ಮಕ ಕೆಳಗ ಮಾಡಿ ಗ್ಲಾಸ್ ಮ್ಯಾಲ ಹಾಸಿ, ನೀರು ಚಿಮಕಿಸಿ, ಅದರ ಬೆನ್ನಿಗೆ ತೆಳು ಬಿಳೀ ಕಾಗದ ಮೈದಾ ಅಂಟಿನಿಂದ ಕೂಡಿಸಿ ಒಣಗಾಕ ಬಿಡ್ರಿ. ಮರುದಿನ ಬಿಚ್ಚಿದ್ರ ಅದ ಬೈಂಡಿಂಗ್ ಬಟ್ಟಿ. ಅಂಟು ಆ ಕಾಗದದ ಕಡೆ ಹಚ್ಚಬೇಕು.

ಸೊಟ್ಟ ಆಗೂದಕ್ಕ ಕಾರಣ ಎರಡು. ಹೊರಗಿನ ಬಟ್ಟಿ ಒಣಗುವಾಗ ರಟ್ಟನ್ನ ತನ್ನ ಕಡೆ ಜಗ್ಗತೈತಿ, ಒಳಗೂ ಎಂಡ್ ಪೇಪರ್ (ರಟ್ಟಿನ ಒಳಮಗ್ಗಲಿಗೆ ಹಚ್ಚೂ ಹಾಳಿ) ಅಂಟಿಸಿದ್ರ ಅದು ಈ ಕಡೆ ಜಗ್ಗಿ ಸಮ ಮಾಡತೈತಿ. ಇನ್ನೊಂದು ಗ್ರೇನ್, ಅಂದ್ರ ರಟ್ಟಿನ್ಯಾಗ ಎಳಿ ಸಾಗಿದ ದಿಕ್ಕು. ರಟ್ಟನ್ನ ಎರಡೂ ಕಡೆಯಿಂದ ಸ್ವಲ್ಪ ಬಗ್ಗಿಸಿ ನೋಡ್ರಿ, ಒಂದು ಕಡೆ ಸಲೀಸ ಬಗ್ಗತೈತಿ, ಇನ್ನೊಂದು ಕಡೆ ಹಟ ಮಾಡತೈತಿ. ಸಲೀಸ ಬಗ್ಗೂ ಮಡಿಕಿ ಪುಸ್ತಕದ ಬೆನ್ನಿನ ಉದ್ದಕ್ಕ ಬರೂಹಂಗ ಕತ್ತರಸ್ರಿ. ಹಾಳಿಗೂ ಇದ ನಿಯಮ.

ಪ್ರಶ್ನೆ: ಪ್ರಾಜೆಕ್ಟ್ ರಿಪೋರ್ಟಿಗೆ ರೆಕ್ಸಿನ್ನೋ ಕ್ಯಾಲಿಕೋನೋ? (ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಕ್ಯಾಲಿಕೋ, ಅಂದ್ರ ಬೈಂಡಿಂಗಿನ ಹತ್ತಿ ಬಟ್ಟಿ. ರೆಕ್ಸಿನ್ (ಚರ್ಮದಂಗ ಕಾಣೂ ಲೇಪದ ಬಟ್ಟಿ) ಹಳೇದಾದ್ರ ಮಡಚೂ ಕಡೆ ಸಿಪ್ಪಿ ಏಳತೈತಿ. ಆದ್ರ ಡಿಪಾರ್ಟ್‌ಮೆಂಟಿನವ್ರು ರೆಕ್ಸಿನ್ ಅಂತ ಬರದು ಕೊಟ್ಟಿದ್ರ ವಾದ ಮಾಡಬ್ಯಾಡವಾ, ಮಾರ್ಕ್ಸ್ ಅವ್ರ ಕೈಯಾಗ ಇರತಾವ. ಎಡಗಡೆ ಒಂದೂವರೆ ಇಂಚು ಮಾರ್ಜಿನ್ ಬಿಟ್ಟು ಪ್ರಿಂಟ್ ತಗಿ.