ಎಫ್‌1 (ಫಾರ್ಮುಲಾ ಒನ್ ಕಾರ್ ರೇಸ್) ಸೀಸನ್ ಮುಗಿದ ಮೇಲೆ ಬರುವ ಡ್ರೈವರ್ ಸುದ್ದಿಗಳಲ್ಲಿ ಖರೆ ಯಾವುದು ಅಂತ ಹೇಗೆ ಗೊತ್ತು ಮಾಡಿಕೊಳ್ಳೋದು?

ಹುಬ್ಬಳ್ಳಿಯ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಸೀಸನ್ನಿನ ಕೊನೆಯ ಅಬುಧಾಬಿ ರೇಸ್ ಮುಗಿದಾಗಿನಿಂದ ದಿನಕ್ಕೊಬ್ಬ ಡ್ರೈವರ್ ಟೀಮ್ ಬದಲಿಸುತ್ತಿದ್ದಾನೆ, ಯಾವುದನ್ನು ನಂಬೋಣ ಅಂತ ಕೇಳಿದ್ದೀರಿ. ಸುದ್ದಿ ಕೊಟ್ಟವರು ಯಾರು ಅನ್ನೋದನ್ನು ಆಮೇಲೆ ನೋಡಿ. ಮೊದಲು ಸೀಟು ಖಾಲಿ ಇದೆಯಾ ನೋಡಿ.

ಒಂದು ಹಾಳೆ ಮೇಲೆ 11 ಸಾಲು ಎಳೆಯಿರಿ, ಸಾಲಿಗೆ ಎರಡು ಮನೆ. 2026ಕ್ಕೆ ಕ್ಯಾಡಿಲಾಕ್ ಬಂದದ್ದರಿಂದ ಟೀಮು 11, ಸೀಟು 22. ಪ್ರತಿ ಮನೆಯಲ್ಲಿ ಡ್ರೈವರ್ ಹೆಸರು, ಅದರ ಕೆಳಗೆ ಒಪ್ಪಂದ ಮುಗಿಯುವ ವರ್ಷ. ಟೀಮೇ ಹೇಳಿದ ವರ್ಷವಾದರೆ ಪೆನ್ನಿನಲ್ಲಿ, ಪತ್ರಕರ್ತರು ಹೇಳಿದ್ದಾದರೆ ಪೆನ್ಸಿಲ್‌ನಲ್ಲಿ ಬರೆಯಿರಿ. ಟೀಮಿನವರು ಬರೇ ‘ಮಲ್ಟಿ-ಇಯರ್’ (ಹಲವು ವರ್ಷದ್ದು) ಅಂದಿದ್ದರೆ ವರ್ಷ ಬರೆಯಲೇಬೇಡಿ. ಇನ್ನು ಬಂದ ಸುದ್ದಿಯನ್ನು ಈ ಹಾಳೆಗೆ ಹಚ್ಚಿ ನೋಡಿ. ಸುದ್ದಿಯಲ್ಲಿರೋ ಡ್ರೈವರ್ ಹೋದಲ್ಲಿ ಜಾಗ ಬಿಡೋನು ಯಾರು? ಅವನು ಬಿಟ್ಟ ಮನೆ ತುಂಬೋನು ಯಾರು? ಈ ಎರಡಕ್ಕೂ ಉತ್ತರ ಇಲ್ಲದಿದ್ದರೆ ಆ ಸುದ್ದಿಯನ್ನು ಮುಂದೆ ಕಳಿಸಬೇಡಿ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ 2022ಕ್ಕಿಂತ ಒಳ್ಳೆಯ ಪಾಠ ಇಲ್ಲ. ಜುಲೈ 28ಕ್ಕೆ ವೆಟೆಲ್ ನಿವೃತ್ತಿ ಹೇಳಿದರು, ಆಸ್ಟನ್ ಮಾರ್ಟಿನ್‌ನಲ್ಲಿ ಒಂದು ಮನೆ ಖಾಲಿ ಆಯಿತು. ಆಗಸ್ಟ್ 1ಕ್ಕೆ ಅಲೊನ್ಸೊ ಆಲ್ಪೀನ್ ಬಿಟ್ಟು ಅಲ್ಲಿಗೆ ಬರ್ತಾರೆ ಅಂತ ಪ್ರಕಟಣೆ. ಮರುದಿನವೇ ಆಲ್ಪೀನ್ ತನ್ನ ರಿಸರ್ವ್ (ಬದಲಿ) ಡ್ರೈವರ್ ಆಸ್ಕರ್ ಪಿಯಾಸ್ಟ್ರಿಯ ಹೆಸರು ಘೋಷಿಸಿತು. ಕೆಲವೇ ತಾಸಿನಲ್ಲಿ ಪಿಯಾಸ್ಟ್ರಿ, ನನ್ನ ಒಪ್ಪಿಗೆ ಇಲ್ಲದೆ ಇದನ್ನು ಪ್ರಕಟಿಸಿದ್ದಾರೆ, ಮುಂದಿನ ವರ್ಷ ನಾನು ಆಲ್ಪೀನ್‌ಗೆ ಓಡಿಸೋದಿಲ್ಲ ಅಂತ ಬರೆದರು. ಅಂದರೆ ಟೀಮಿನ ಅಧಿಕೃತ ಪ್ರಕಟಣೆಯೂ ಸುಳ್ಳಾಗಬಹುದು. ಟೀಮಿನ ಪ್ರಕಟಣೆಯಲ್ಲಿ ಡ್ರೈವರ್ ಆಡಿದ ಒಂದು ಮಾತೂ ಇಲ್ಲದಿದ್ದರೆ ಪೆನ್ನು ಎತ್ತಬೇಡಿ. ಅವತ್ತಿನ ಆಲ್ಪೀನ್ ಪ್ರಕಟಣೆಯಲ್ಲಿ ಪಿಯಾಸ್ಟ್ರಿಯ ಮಾತೇ ಇರಲಿಲ್ಲ.

ಜಗಳ, ಮೋಟಾರ್ ರೇಸಿಂಗ್ ನಡೆಸುವ ಜಾಗತಿಕ ಸಂಸ್ಥೆ ಎಫ್‌ಐಎಯ ಕಾಂಟ್ರ್ಯಾಕ್ಟ್ ರೆಕಗ್ನಿಷನ್ ಬೋರ್ಡ್‌ಗೆ, ಅಂದರೆ ಯಾರ ಒಪ್ಪಂದ ಊರ್ಜಿತ ಅಂತ ತೀರ್ಮಾನಿಸುವ ಮಂಡಳಿಗೆ ಹೋಯಿತು. ಶೂಮಾಕರ್ 1991ರಲ್ಲಿ ಒಂದೇ ರೇಸ್ ಓಡಿಸಿ ಜೋರ್ಡನ್‌ನಿಂದ ಬೆನೆಟನ್‌ಗೆ ಹೋದಾಗ ಎದ್ದ ರಂಪದ ನಂತರ ಹುಟ್ಟಿದ ಮಂಡಳಿ ಇದು. ಸೆಪ್ಟೆಂಬರ್ 2ಕ್ಕೆ ತೀರ್ಪು ಬಂತು: ಪಿಯಾಸ್ಟ್ರಿ ಜುಲೈ 4ರಂದು ಮೆಕ್ಲಾರೆನ್ ಜೊತೆ ಮಾಡಿಕೊಂಡ ಒಪ್ಪಂದ ಮಾತ್ರ ಊರ್ಜಿತ. ನಮ್ಮ ಕಡೆ ಹೊಲ ಹಿಡಿಯುವಾಗ ಸಂಚಕಾರ ಕೊಟ್ಟು ಕಾಗದ ಮಾಡಿಸೋದನ್ನು ಮುಂದೂಡಿದರೆ ಏನಾಗುತ್ತದೋ ಆಲ್ಪೀನ್‌ಗೆ ಅದೇ ಆಯಿತು. ಅವರ ಕೈಯಲ್ಲಿ ಇದ್ದದ್ದು ಷರತ್ತುಗಳ ಕಚ್ಚಾ ಹಾಳೆ, ಅದನ್ನು ಪಕ್ಕಾ ಕರಾರು ಮಾಡಿಕೊಳ್ಳಲು ತಡಮಾಡಿದರು.

ಸರಪಳಿ ಅಲ್ಲಿಗೇ ನಿಲ್ಲಲಿಲ್ಲ. ಮೆಕ್ಲಾರೆನ್‌ನಿಂದ ರಿಕಿಯಾರ್ಡೊ ಹೊರಗೆ. ಆಲ್ಪೀನ್‌ಗೆ, ರೆಡ್ ಬುಲ್‌ನ ಎರಡನೇ ಟೀಮಾದ ಆಲ್ಫಾಟೌರಿಯ ಗಾಸ್ಲಿ ಬೇಕು. ಗಾಸ್ಲಿಯನ್ನು ಬಿಟ್ಟುಕೊಡಬೇಕಾದರೆ ರೆಡ್ ಬುಲ್‌ಗೆ ಬದಲಿ ಬೇಕು, ಅವರ ಕಣ್ಣು ಅಮೆರಿಕದ ಇಂಡಿಕಾರ್‌ನಲ್ಲಿದ್ದ ಕೋಲ್ಟನ್ ಹರ್ಟಾ ಮೇಲೆ. ಸೆಪ್ಟೆಂಬರ್‌ನಲ್ಲಿ ‘ಹರ್ಟಾ ಪಕ್ಕಾ’ ಅಂತ ಎಷ್ಟೋ ಮಂದಿ ಹೇಳಿದರು. ಆದರೆ ಎಫ್‌1 ಓಡಿಸಲು ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ ಕಳೆದ ಮೂರು ಸೀಸನ್‌ಗಳಲ್ಲಿ 40 ಪಾಯಿಂಟ್ ಬೇಕು. ಹರ್ಟಾ ಹತ್ತಿರ ಇದ್ದದ್ದು 32. ಎಫ್‌ಐಎ ರಿಯಾಯಿತಿ ಕೊಡಲಿಲ್ಲ. ಕೊನೆಗೆ ಅಕ್ಟೋಬರ್ 8ಕ್ಕೆ ಗಾಸ್ಲಿ ಆಲ್ಪೀನ್‌ಗೆ, ನಿಕ್ ಡಿ ವ್ರೀಸ್ ಆಲ್ಫಾಟೌರಿಗೆ ಅಂತ ಒಂದೇ ದಿನ ಎರಡು ಪ್ರಕಟಣೆ ಬಂದವು. ಹೀಗೆ ಜೋಡಿಯಾಗಿ ಬರೋದು ಆಕಸ್ಮಿಕ ಅಲ್ಲ. ಒಂದು ಟೀಮ್ ತನ್ನ ಮನೆ ತುಂಬಿಕೊಳ್ಳದೆ ಇನ್ನೊಬ್ಬರಿಗೆ ಡ್ರೈವರ್ ಬಿಟ್ಟುಕೊಡೋದಿಲ್ಲ.

ಹಾಗಾಗಿ ಹೊಸಬರ ಹೆಸರು ಕೇಳಿದಾಗೆಲ್ಲ ಪಾಯಿಂಟ್ ಎಣಿಸಿ. ಎಫ್‌1ರ ಕೆಳಗಿನ ಹಂತವಾದ ಎಫ್‌2ನಲ್ಲಿ ಮೊದಲ ಮೂರು ಸ್ಥಾನಕ್ಕೆ ತಲಾ 40, ಇಂಡಿಕಾರ್ ಚಾಂಪಿಯನ್‌ಗೆ 40. ಎಫ್‌1 ಶುಕ್ರವಾರದ ಪ್ರಾಕ್ಟೀಸ್‌ನಲ್ಲಿ 100 ಕಿ.ಮೀ. ಓಡಿಸಿದರೆ 1 ಸಿಗುತ್ತದೆ, ಅದಕ್ಕೂ 10ರ ಮಿತಿ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಎಫ್‌2 ಸ್ಪ್ರಿಂಟ್ (ಚಿಕ್ಕ ರೇಸ್) ಗೆದ್ದಾಗ ಎದೆ ಉಬ್ಬಿದ್ದು ಖರೆ. ಆದರೆ ಒಂದು ರೇಸ್ ಗೆದ್ದರೂ, ಎಫ್‌1 ಟೀಮಿನ ಟೆಸ್ಟ್ ಅಥವಾ ರಿಸರ್ವ್ ಡ್ರೈವರ್ ಆದರೂ ಸೀಟು ಸಿಕ್ಕಂತಲ್ಲ. ಲೆಕ್ಕಕ್ಕೆ ಬರೋದು ಸೀಸನ್ ಕೊನೆಯ ಸ್ಥಾನ.

ಪೆನ್ನಿನಲ್ಲಿ ಬರೆದ ವರ್ಷವನ್ನೂ ಕಲ್ಲಿನ ಮೇಲಿನ ಗೆರೆ ಅಂತ ತಿಳಿಯಬೇಡಿ. 2023ರ ಆಗಸ್ಟ್ 31ಕ್ಕೆ ಮರ್ಸಿಡೀಸ್, ಹ್ಯಾಮಿಲ್ಟನ್ 2025ರ ಕೊನೆಯವರೆಗೆ ನಮ್ಮಲ್ಲೇ ಅಂದಿತ್ತು. ಐದು ತಿಂಗಳಿಗೆ, 2024ರ ಫೆಬ್ರುವರಿ 1ಕ್ಕೆ, 2025ರಿಂದ ಫೆರಾರಿ ಅಂತ ಪ್ರಕಟವಾಯಿತು. ಒಂದು ವರ್ಷ ಓಡಿಸಿ ಹೊರಹೋಗುವ ಅವಕಾಶ ಆ ಒಪ್ಪಂದದೊಳಗೇ ಇತ್ತು.

ಸೀಸನ್ ಮುಗಿದ ಮೇಲೂ ದೊಡ್ಡ ಬದಲಾವಣೆ ಆಗೋದಿಲ್ಲ ಅಂತಲ್ಲ. 2016ರ ಡಿಸೆಂಬರ್ 2ಕ್ಕೆ, ಚಾಂಪಿಯನ್ ಆದ ಐದೇ ದಿನಕ್ಕೆ, ರಾಸ್‌ಬರ್ಗ್ ನಿವೃತ್ತಿ ಹೇಳಿದರು. ಅವರ ಟೀಮ್ ಮರ್ಸಿಡೀಸ್‌ಗೆ ವಿಲಿಯಮ್ಸ್‌ನ ಬೊಟ್ಟಾಸ್ ಬೇಕಾಯಿತು, ಬೊಟ್ಟಾಸ್‌ರನ್ನು ಬಿಟ್ಟುಕೊಡಬೇಕಾದರೆ ವಿಲಿಯಮ್ಸ್‌ಗೆ ಅನುಭವಿ ಬೇಕಾಯಿತು, ನಿವೃತ್ತಿ ಹೇಳಿದ್ದ ಮಾಸ್ಸಾ ವಾಪಸ್ ಬಂದರು. ಎರಡೂ ಪ್ರಕಟವಾದದ್ದು 2017ರ ಜನವರಿ 16ಕ್ಕೆ. ಅಲ್ಲಿ ಖಾಲಿ ಮನೆ ಮೊದಲು, ಗಾಳಿಸುದ್ದಿ ಆಮೇಲೆ. ಈಗ ನಿಮ್ಮ ಗುಂಪಿಗೆ ಬರುತ್ತಿರೋದು ಬಹುತೇಕ ಉಲ್ಟಾ.

ಪ್ರಕಟಣೆ ಆದ ಮೇಲೂ ಡ್ರೈವರ್ ತಕ್ಷಣ ಹೊಸ ಕಾರು ಹತ್ತದಿದ್ದರೆ ಏನೋ ಕೆಟ್ಟಿದೆ ಅಂತ ಹಬ್ಬಿಸುತ್ತಾರೆ. ಅದು ತಪ್ಪು. 2024ರ ಸೀಸನ್ ಮುಗಿದ ಎರಡೇ ದಿನಕ್ಕೆ ಅಬುಧಾಬಿ ಟೆಸ್ಟ್‌ನಲ್ಲಿ ಫೆರಾರಿಯಲ್ಲಿದ್ದ ಕಾರ್ಲೋಸ್ ಸೈನ್ಸ್ ತಮ್ಮ ಹೊಸ ಟೀಮ್ ವಿಲಿಯಮ್ಸ್‌ನ ಕಾರು ಓಡಿಸಿದರು, ಫೆರಾರಿ ಅದಕ್ಕೆ ಬಿಟ್ಟುಕೊಟ್ಟಿತ್ತು. ಹ್ಯಾಮಿಲ್ಟನ್ ಮಾತ್ರ ಅಲ್ಲಿ ಫೆರಾರಿ ಹತ್ತಲಿಲ್ಲ. ಅವರು ಮೊದಲ ಸಲ ಫೆರಾರಿಯ ಕೆಂಪು ಎಫ್‌1 ಕಾರಿನಲ್ಲಿ ಕೂತದ್ದು 2025ರ ಜನವರಿ 22ಕ್ಕೆ, ಫೆರಾರಿಯದೇ ಟೆಸ್ಟ್ ಟ್ರ್ಯಾಕ್ ಫಿಯೊರಾನೊದಲ್ಲಿ, ಅದೂ 2023ರ ಕಾರಿನಲ್ಲಿ.