ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ‘ಎಫ್’ ಅಕ್ಷರದ ಅಪರೂಪದ ಪದಗಳಿಗೆ ಏನರ್ಥ?

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಓದುತ್ತಿದ್ದೇನೆ ಅಂತ ಬರೆದಿದ್ದೀರಿ. ಓದಿ ತುಂಬಾ ಖುಷಿಯಾಯಿತು. ಗೊತ್ತಿಲ್ಲದ ಪದಗಳನ್ನು ಅಕ್ಷರದ ಪ್ರಕಾರ ನೋಟ್‌ಬುಕ್ಕಿಗೆ ಇಳಿಸುತ್ತಾ ಎಫ್ ಪುಟಕ್ಕೆ ಬಂದಿದ್ದೀರಿ. ಫ್ಯಾದಮ್, ಫರ್ಲಾಂಗ್, ಫೋರ್ಟ್‌ನೈಟ್, ಫಾರ್ದಿಂಗ್, ಫುಲ್ಲರ್, ಫೇನ್, ಫಾರ್‌ಸೂತ್, ಫ್ರೋವರ್ಡ್, ಕೊನೆಗೆ ‘ಫುಚ್’. ನಿಘಂಟಿನಲ್ಲಿ ‘ಹಳೆಯ ಬಳಕೆ’ ಅಂತ ಮಾತ್ರ ಇದೆ, ಇವನ್ನೆಲ್ಲ ಕಲಿಯಬೇಕಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ಪುಸ್ತಕಗಳೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ‘ಫುಚ್’ ಅನ್ನು ಹೊಡೆದು ಹಾಕಿ. ಅಂಥ ಪದವೇ ಇಲ್ಲ. ಅದು ನಮಗೆಲ್ಲ ಗೊತ್ತಿರುವ ‘ಸಚ್’. ಸುಮಾರು 1800ರವರೆಗೆ ಅಚ್ಚಾದ ಇಂಗ್ಲಿಷ್ ಪುಸ್ತಕಗಳಲ್ಲಿ ಸಣ್ಣ ಎಸ್ ಅಕ್ಷರಕ್ಕೆ ಎರಡು ರೂಪ ಇದ್ದವು. ಪದದ ಕೊನೆಯಲ್ಲಿ ಈಗಿನ ಎಸ್. ಶುರುವಿನಲ್ಲಿ ಮತ್ತು ನಡುವೆ ಉದ್ದನೆಯ ಎಸ್. ಈ ಉದ್ದನೆಯದು ನೋಡಲು ಹೆಚ್ಚು ಕಡಿಮೆ ಎಫ್ ಥರಾನೇ ಇರುತ್ತದೆ. ಪುಟವನ್ನು ಜೂಮ್ ಮಾಡಿ ನೋಡಿ. ಎಫ್ ಅಕ್ಷರದ ಅಡ್ಡಗೆರೆ ಕಂಬವನ್ನು ದಾಟಿ ಬಲಗಡೆಗೂ ಚಾಚಿರುತ್ತದೆ. ಉದ್ದನೆಯ ಎಸ್‌ಗೆ ಎಡಗಡೆ ಮಾತ್ರ ಒಂದು ಚೂರು ಗೆರೆ ಇರುತ್ತದೆ, ಬಲಕ್ಕೆ ದಾಟುವುದಿಲ್ಲ. ಸ್ಕ್ಯಾನ್ ಮಾಡಿದ ಪುಟವನ್ನು ಕಂಪ್ಯೂಟರ್ ಅಕ್ಷರಕ್ಕೆ ಇಳಿಸುವಾಗ ಇದನ್ನು ಎಫ್ ಅಂತಲೇ ಓದಿಬಿಡುತ್ತದೆ. ಆಗ ‘ಸೇಮ್’ ಹೋಗಿ ‘ಫೇಮ್’ ಆಗುತ್ತದೆ. ಆತ್ಮ ಅನ್ನುವ ‘ಸೋಲ್’ ಹೋಗಿ ಕೊಳಕು ಅನ್ನುವ ‘ಫೌಲ್’ ಆಗುತ್ತದೆ. ಧರ್ಮದ ಪುಸ್ತಕದಲ್ಲಿ ಹೀಗಾದರೆ ಇಡೀ ಪುಟದ ಅರ್ಥವೇ ಕೆಡುತ್ತದೆ. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1803ರಲ್ಲಿ ಉದ್ದನೆಯ ಎಸ್ ಬಿಟ್ಟಿತು. ಅದಕ್ಕಿಂತ ಹಳೆಯ ಪುಸ್ತಕದಲ್ಲಿ ಎಫ್‌ನಿಂದ ಶುರುವಾಗುವ ವಿಚಿತ್ರ ಪದ ಸಿಕ್ಕರೆ ಮೊದಲು ಎಸ್ ಹಾಕಿ ಓದಿ ನೋಡಿ. ನಿಮ್ಮ ಪಟ್ಟಿ ಅರ್ಧದಷ್ಟು ಕರಗಿದರೂ ಆಶ್ಚರ್ಯವಿಲ್ಲ.

ಇನ್ನು ನಿಜವಾದ ಪದಗಳು. ನಿಮ್ಮ ಪಟ್ಟಿಯಲ್ಲಿ ಅಳತೆಯ ಪದಗಳೇ ಜಾಸ್ತಿ. ಇವು ನಮಗೆ ಹೊಸವೇನಲ್ಲ.

ಫ್ಯಾದಮ್ ಅಂದರೆ ನಮ್ಮ ‘ಮಾರು’. ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಹೋದರೆ ಹೂವಿನವರು ಎರಡೂ ಕೈ ಅಗಲಿಸಿ ಹಾರ ಅಳೆಯುವುದನ್ನು ನೋಡಿರುತ್ತೀರಿ. ಬಲಗೈ ಬೆರಳ ತುದಿಯಿಂದ ಎಡಗೈ ಬೆರಳ ತುದಿಯವರೆಗೆ ಒಂದು ಮಾರು. ಇಂಗ್ಲಿಷರ ಫ್ಯಾದಮ್ ಕೂಡ ಇದೇ ಕೈ ಚಾಚಿನಿಂದಲೇ ಬಂದದ್ದು. ಆಮೇಲೆ ಅದನ್ನು 6 ಅಡಿ ಅಂತ ನಿಗದಿ ಮಾಡಿದರು. ಹಡಗಿನವರು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಟ್ಟು, ಎಷ್ಟು ಮಾರು ಇಳಿಯಿತು ಅಂತ ಲೆಕ್ಕ ಹಾಕುತ್ತಿದ್ದರು. ನಾವು ಹೂವು ಅಳೆದೆವು, ಅವರು ಸಮುದ್ರದ ಆಳ ಅಳೆದರು. ಅಮೆರಿಕದ ನದಿ ದೋಣಿಗಳಲ್ಲಿ ಎರಡು ಫ್ಯಾದಮ್, ಅಂದರೆ 12 ಅಡಿ ನೀರಿದ್ದರೆ ‘ಮಾರ್ಕ್ ಟ್ವೇನ್’ ಅಂತ ಕೂಗುತ್ತಿದ್ದರು. ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಅನ್ನುವ ಲೇಖಕ ಹಿಂದೆ ಆ ದೋಣಿಗಳನ್ನು ನಡೆಸಿದವರು, ಅದನ್ನೇ ಹೆಸರಾಗಿ ಇಟ್ಟುಕೊಂಡರು. ಈ ಪದ ಇನ್ನೂ ಸತ್ತಿಲ್ಲ ಅನ್ನೋದು ಗಮನದಲ್ಲಿರಲಿ. ಕ್ರಿಯಾಪದವಾಗಿ ಬಂದರೆ ‘ಆಳ ತಿಳಿಯುವುದು, ಅರ್ಥ ಮಾಡಿಕೊಳ್ಳುವುದು’ ಅಂತ. ಇವತ್ತಿನ ಪತ್ರಿಕೆಯಲ್ಲೂ ಸಿಗುತ್ತದೆ.

ಫರ್ಲಾಂಗ್ ಅನ್ನು ನಮ್ಮ ಹಿರಿಯರು ಕನ್ನಡ ಮಾಡಿಕೊಂಡೇ ಬಿಟ್ಟಿದ್ದಾರೆ. ಬಸವನಗುಡಿ, ಮಲ್ಲೇಶ್ವರದ ಕಡೆ ವಯಸ್ಸಾದವರನ್ನು ದಾರಿ ಕೇಳಿದರೆ ‘ಇನ್ನೊಂದು ಫರ್ಲಾಂಗು ನಡೀರಿ’ ಅನ್ನುವವರು ಈಗಲೂ ಇದ್ದಾರೆ. ಮೈಲಿಯ ಎಂಟನೇ ಒಂದು ಭಾಗ, 220 ಗಜ, ಅಂದರೆ ಸುಮಾರು 201 ಮೀಟರ್. ಪದದ ಮೂಲ ಅರ್ಥ ‘ಉದ್ದ ಸಾಲು’. ಸಾಲು ಅಂದರೆ ಹೊಲದಲ್ಲಿ ನೇಗಿಲು ಹೊಡೆದ ಸಾಲು. ಎತ್ತುಗಳು ನಿಂತು ಉಸಿರು ತೆಗೆದುಕೊಳ್ಳುವ ಮುಂಚೆ ಒಂದೇ ಸಮನೆ ಎಳೆಯಬಹುದಾದ ದೂರ ಅದು. ಅಗಲಕ್ಕೆ ಒಂದು ಚೈನು, ಅಂದರೆ 22 ಗಜ. ಒಂದು ಫರ್ಲಾಂಗ್ ಉದ್ದ, ಒಂದು ಚೈನು ಅಗಲದ ಜಮೀನೇ ಒಂದು ಎಕರೆ. 220ನ್ನು 22ರಿಂದ ಗುಣಿಸಿದರೆ 4840 ಚದರ ಗಜ. ನಮ್ಮ 40 ಗುಂಟೆಯ ಲೆಕ್ಕವೂ ಅಷ್ಟಕ್ಕೇ ಬರುತ್ತದೆ. ಒಂದು ಗುಂಟೆಗೆ 121 ಚದರ ಗಜ, ಅಂದರೆ 33 ಅಡಿಗೆ 33 ಅಡಿ. ದೇವನಹಳ್ಳಿ ಕಡೆ ಎಷ್ಟು ಎಕರೆ, ಎಷ್ಟು ಗುಂಟೆ ಅಂತ ಜಮೀನಿನ ಮಾತಾಡುವಾಗ ನಾವು ಆ ಇಂಗ್ಲಿಷ್ ರೈತರ ನೇಗಿಲ ಸಾಲಿನ ಲೆಕ್ಕವನ್ನೇ ಹಿಡಿದಿರುತ್ತೇವೆ. ಆ 22 ಗಜ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕ್ರಿಕೆಟ್ ಪಿಚ್ಚಿನ ಉದ್ದವೂ ಅದೇ, ಒಂದು ಚೈನು. ಫರ್ಲಾಂಗ್ ಅನ್ನುವ ಒಂದು ಪದ ಹಿಡಿದುಕೊಂಡರೆ ಎಕರೆ, ಗುಂಟೆ, ಪಿಚ್ಚು ಎಲ್ಲ ಹಿಂದೆಯೇ ಬರುತ್ತವೆ. ಇದಕ್ಕೇ ನನಗೆ ಈ ಪದ ಅಂದರೆ ಅಷ್ಟು ಇಷ್ಟ.

ಫೋರ್ಟ್‌ನೈಟ್ ಅಂದರೆ ಹದಿನಾಲ್ಕು ರಾತ್ರಿ. ಎರಡು ವಾರ. ಹಗಲು ಬಿಟ್ಟು ರಾತ್ರಿ ಯಾಕೆ ಎಣಿಸಿದರು? ಜರ್ಮನಿ ಕಡೆಯ ಬುಡಕಟ್ಟಿನವರು ದಿನಗಳ ಬದಲು ರಾತ್ರಿಗಳನ್ನು ಎಣಿಸುತ್ತಾರೆ ಅಂತ ರೋಮಿನ ಟ್ಯಾಸಿಟಸ್ ಕ್ರಿ.ಶ. 98ರ ಹೊತ್ತಿಗೇ ಬರೆದಿದ್ದಾನೆ. ಇಂಗ್ಲಿಷ್ ಆ ಮನೆತನದ ಭಾಷೆ. ನಮ್ಮಲ್ಲಿ ‘ಹದಿನೈದು ದಿನ ಬಿಟ್ಟು ಬನ್ನಿ’ ಅಂದರೂ ಎರಡು ವಾರ ಅಂತಲೇ ಅರ್ಥ. ಒಂದು ವಾರಕ್ಕೆ ‘ಎಂಟು ದಿನ’ ಅಂದ ಹಾಗೆ. ಇದರ ಜೊತೆ ‘ಸೆನೈಟ್’ ಅನ್ನುವ ಪದವೂ ಇತ್ತು, ಏಳು ರಾತ್ರಿ, ಒಂದು ವಾರ. ಜೇನ್ ಆಸ್ಟೆನ್ ಓದುತ್ತಿದ್ದರೆ ಅದು ಸಿಗುತ್ತದೆ. ‘ದಿಸ್ ಡೇ ಫೋರ್ಟ್‌ನೈಟ್’ ಅಂತ ಬಂದರೆ ‘ಇವತ್ತಿಗೆ ಎರಡು ವಾರಕ್ಕೆ’ ಅಂತ ಓದಿಕೊಳ್ಳಿ.

ಫಾರ್ದಿಂಗ್ ಪೆನ್ನಿಯ ಕಾಲು ಭಾಗ. ಪದದಲ್ಲೇ ‘ನಾಲ್ಕನೇ ಒಂದು’ ಅಂತ ಇದೆ. 1960ರ ಕೊನೆಯವರೆಗೆ ಬ್ರಿಟನ್ನಿನಲ್ಲಿ ಚಲಾವಣೆಯಲ್ಲಿತ್ತು. ‘ಒಂದು ಫಾರ್ದಿಂಗಿನ ಬೆಲೆಯಿಲ್ಲ’ ಅಂತ ಬಂದಾಗ ಲೆಕ್ಕ ಹಾಕಲು ಹೋಗಬೇಡಿ. ಕವಡೆ ಕಾಸಿನ ಕಿಮ್ಮತ್ತಿಲ್ಲ ಅನ್ನುತ್ತೇವಲ್ಲ, ಅದೇ.

ನಿಮ್ಮ ಪಟ್ಟಿಯಲ್ಲಿಲ್ಲದ ಒಂದನ್ನು ಸೇರಿಸುತ್ತೇನೆ. ಪರೀಕ್ಷೆ ಬರೆಯಲು, ಅರ್ಜಿ ಬರೆಯಲು ಅಂಗಡಿಯಲ್ಲಿ ‘ಫುಲ್‌ಸ್ಕೇಪ್ ಹಾಳೆ ಕೊಡಿ’ ಅಂತ ಕೇಳಿದ್ದೀರಿ ತಾನೇ? ಅದರ ಸರಿಯಾದ ರೂಪ ‘ಫೂಲ್ಸ್‌ಕ್ಯಾಪ್’. ವಿದೂಷಕನ ಟೋಪಿ. ಯುರೋಪಿನ ಹಳೆಯ ಕಾಗದ ತಯಾರಕರು ಹಾಳೆಯೊಳಗೆ ಗೆಜ್ಜೆ ಕಟ್ಟಿದ ವಿದೂಷಕನ ಟೋಪಿಯ ಗುರುತನ್ನು ಮೂಡಿಸುತ್ತಿದ್ದರು. ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಗುರುತು. ಆ ಗುರುತಿನ ಹೆಸರು ಹಾಳೆಯ ಅಳತೆಗೆ ಅಂಟಿಕೊಂಡಿತು, ಗುರುತು ಹೋದರೂ ಹೆಸರು ಉಳಿಯಿತು.

ಕಸುಬಿನ ಪದಗಳನ್ನು ಬೇಗ ಮುಗಿಸುತ್ತೇನೆ. ಫ್ಯಾರಿಯರ್ ಕುದುರೆಗೆ ಲಾಳ ಹೊಡೆಯುವವರು. ರೇಸ್ ಕುದುರೆ ಇರುವ ಕಡೆಯೆಲ್ಲ ಈ ಕಸುಬು ಇವತ್ತಿಗೂ ಇದೆ. ಫ್ಲೆಚರ್ ಬಾಣ ಮಾಡುವವರು, ಈಗ ಬರೀ ಮನೆತನದ ಹೆಸರಾಗಿ ಉಳಿದಿದೆ. ಫುಲ್ಲರ್ ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ತುಳಿದು, ಜಿಡ್ಡು ತೆಗೆದು, ಒತ್ತಾಗಿಸುವವರು. ಜಿಡ್ಡು ಹೀರಲು ಒಂದು ಥರದ ಮಣ್ಣು ಹಾಕುತ್ತಿದ್ದರು. ಅದೇ ‘ಫುಲ್ಲರ್ಸ್ ಅರ್ಥ್’, ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ. ಜಿಡ್ಡು ಹೀರುವ ಕೆಲಸವನ್ನು ಅದು ಈಗಲೂ ಮಾಡುತ್ತಿದೆ, ಉಣ್ಣೆಯ ಬದಲು ಮುಖದ ಮೇಲೆ. ಫುಟ್‌ಪ್ಯಾಡ್ ಅಂದರೆ ಕಾಲ್ನಡಿಗೆಯ ದಾರಿಗಳ್ಳ. ಕುದುರೆ ಮೇಲೆ ಬಂದರೆ ಅವನು ‘ಹೈವೇಮನ್’. ಫೌಂಡ್ಲಿಂಗ್ ಅಂದರೆ ಹೆತ್ತವರು ಬಿಟ್ಟುಹೋಗಿ, ಬೇರೆಯವರಿಗೆ ಸಿಕ್ಕ ಮಗು. ಇಂಥ ಮಕ್ಕಳಿಗಾಗಿ ಥಾಮಸ್ ಕೋರಮ್ ಅನ್ನುವವರು ಹೋರಾಡಿ 1739ರಲ್ಲಿ ಲಂಡನ್ನಿನಲ್ಲಿ ಒಂದು ಆಶ್ರಯಕ್ಕೆ ರಾಜನ ಅನುಮತಿ ಪಡೆದರು. ಆ ಕಾಲದ ಕಾದಂಬರಿಗಳಲ್ಲಿ ಈ ಪದ ಯಾಕೆ ಬರುತ್ತದೆ ಅನ್ನೋದು ಇದರಿಂದ ತಿಳಿಯುತ್ತದೆ.

ಇವುಗಳಲ್ಲಿ ಒಂದೆರಡು ಗೊತ್ತಾಗದಿದ್ದರೂ ಕಥೆ ನಿಲ್ಲುವುದಿಲ್ಲ. ‘ಯಾವುದೋ ಅಳತೆ’, ‘ಯಾವುದೋ ಕಸುಬು’ ಅಂದುಕೊಂಡು ಮುಂದೆ ಹೋಗಬಹುದು. ನೀವು ಮೊದಲು ಕಲಿಯಬೇಕಾದದ್ದು ಫೇನ್, ಫಾರ್‌ಸೂತ್, ಫ್ರೋವರ್ಡ್ ಥರದ ಸಣ್ಣ ಪದಗಳು. ಇವು ವಾಕ್ಯದ ದಿಕ್ಕನ್ನೇ ತಿರುಗಿಸುತ್ತವೆ.

ಫೇನ್ ಅಂದರೆ ಖುಷಿಯಿಂದ, ಮನಸಾರೆ. ‘ಐ ವುಡ್ ಫೇನ್ ಗೋ’ ಅಂದರೆ ‘ಹೋಗಲು ನನಗಂತೂ ಆಸೆ’. ಆದರೆ ‘ಹಿ ವಾಸ್ ಫೇನ್ ಟು ಗೋ’ ಅಂತ ಬಂದರೆ ಬಹಳ ಸಲ ಅರ್ಥವೇ ಬೇರೆ. ಬೇರೆ ದಾರಿಯಿಲ್ಲದೆ, ಇಷ್ಟಾದರೂ ಆಯಿತಲ್ಲ ಅಂತ ಒಪ್ಪಿಕೊಂಡು ಹೋದ ಅಂತ. ಒಂದರಲ್ಲಿ ಆಸೆ, ಇನ್ನೊಂದರಲ್ಲಿ ವಿಧಿಯಿಲ್ಲದ ಒಪ್ಪಿಗೆ. ನಟಿಸುವುದು ಅನ್ನುವ ಇನ್ನೊಂದು ‘ಫೇನ್’ ಕೂಡ ಇದೆ. ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಬೇರೆ. ಆಡಿಯೋ ಬುಕ್ ಕೇಳುತ್ತಿದ್ದರೆ ಹುಷಾರಾಗಿರಿ.

ಫಾರ್‌ಸೂತ್ ಶುರುವಿನಲ್ಲಿ ಸುಮ್ನೆ ‘ನಿಜವಾಗಿ’ ಅಂತ ಇತ್ತು. ‘ಸೂತ್’ ಅಂದರೆ ಸತ್ಯ. ಆಮೇಲಾಮೇಲೆ ಕೊಂಕಿಗೆ ಬಳಸತೊಡಗಿದರು. ಕನ್ನಡದಲ್ಲಿ ಇದಕ್ಕೆ ಬೇರೆ ಪದವೇ ಬೇಡ, ‘ಅಂತೆ’ ಸಾಕು. ‘ಇವರು ದೊಡ್ಡ ಪಂಡಿತರಂತೆ!’ ಅನ್ನುವಾಗ ಆ ‘ಅಂತೆ’ ಏನು ಮಾಡುತ್ತದೋ, ಫಾರ್‌ಸೂತ್ ಅದನ್ನೇ ಮಾಡುತ್ತದೆ. ಇದು ಗೊತ್ತಿಲ್ಲದಿದ್ದರೆ ಬೈಗುಳವನ್ನು ಹೊಗಳಿಕೆ ಅಂತ ಓದಿಬಿಡುತ್ತೇವೆ. ‘ಫೈ’ ಸಿಕ್ಕರೆ ‘ಛೀ’ ಅಂತ ಓದಿ ಮುಂದೆ ಹೋಗಿ.

ಫ್ರೋವರ್ಡ್ ಅನ್ನು ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ‘ಫಾರ್ವರ್ಡ್’ ಅಂತಲೇ ಓದುತ್ತಾರೆ. ಅಚ್ಚಿನ ತಪ್ಪು ಅಂದುಕೊಂಡು ಮನಸ್ಸಿನಲ್ಲೇ ತಿದ್ದಿಕೊಂಡಿರುತ್ತಾರೆ. ಅದು ತಪ್ಪಲ್ಲ. ‘ಟು ಅಂಡ್ ಫ್ರೋ’ದಲ್ಲಿರುವ ಫ್ರೋ ಇದು. ‘ಟುವರ್ಡ್’ ಅಂದರೆ ಕಡೆಗೆ, ‘ಫ್ರೋವರ್ಡ್’ ಅಂದರೆ ದೂರಕ್ಕೆ, ಎದುರು ದಿಕ್ಕಿಗೆ. ಹೇಳಿದ್ದಕ್ಕೆ ಉಲ್ಟಾ ಹೊಡೆಯುವ, ಹಟಮಾರಿ ಅನ್ನುವ ಅರ್ಥ. 1611ರ ಇಂಗ್ಲಿಷ್ ಬೈಬಲ್ಲಿನ ಜ್ಞಾನೋಕ್ತಿಗಳ ಭಾಗದಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ‘ಮುಂದುವರಿದ’ ಅಂತ ಓದಿದರೆ ನೀತಿಯೇ ತಲೆಕೆಳಗಾಗುತ್ತದೆ.

ಫ್ರೋವರ್ಡ್ ಯಾಕೆ ಕಷ್ಟ ಅಂದರೆ ಅದು ಗೊತ್ತಿರುವ ಪದದ ಹಾಗೆ ಕಾಣುತ್ತದೆ. ನಿಮ್ಮ ಪಟ್ಟಿಯ ನಿಜವಾದ ಕೊರತೆಯೂ ಇದೇ. ಗೊತ್ತಿಲ್ಲದ ಪದ ನಿಮ್ಮನ್ನು ನಿಲ್ಲಿಸುತ್ತದೆ, ನಿಘಂಟು ತೆಗೆಸುತ್ತದೆ. ಗೊತ್ತಿದೆ ಅಂದುಕೊಂಡ ಪದ ನಿಲ್ಲಿಸುವುದೇ ಇಲ್ಲ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಎಫ್‌ಗೆ ಇನ್ನೊಂದು ಪುಟ ಮಾಡಿ. ಅದರಲ್ಲಿ ಮೊದಲು ‘ಫಾಂಡ್’ ಬರೆಯಿರಿ. ಈಗ ಅದಕ್ಕೆ ಅಕ್ಕರೆ, ಇಷ್ಟ ಅಂತ ಅರ್ಥ. ಷೇಕ್ಸ್‌ಪಿಯರ್ ಕಾಲದಲ್ಲಿ ಬಹಳ ಸಲ ‘ಪೆದ್ದು’ ಅಂತ. ಕಿಂಗ್ ಲಿಯರ್ ತನ್ನನ್ನು ತಾನು ‘ಫಾಂಡ್’ ಮುದುಕ ಅಂದುಕೊಳ್ಳುವಾಗ ಅಕ್ಕರೆಯ ಮಾತಾಡುತ್ತಿಲ್ಲ, ಬುದ್ಧಿಗೇಡಿ ಅಂತ ಹೇಳಿಕೊಳ್ಳುತ್ತಿದ್ದಾನೆ. ಆಮೇಲೆ ‘ಫ್ಯಾಕ್ಟ್’. ಹಳೆಯ ಪುಸ್ತಕದಲ್ಲಿ ಅದು ‘ಮಾಡಿದ ಕೆಲಸ’, ಅದರಲ್ಲೂ ಮಾಡಿದ ಅಪರಾಧ. ‘ಕನ್ಫೆಸ್ಡ್ ದ ಫ್ಯಾಕ್ಟ್’ ಅಂದರೆ ತಪ್ಪು ಒಪ್ಪಿಕೊಂಡ ಅಂತ. ‘ಆಫ್ಟರ್ ದ ಫ್ಯಾಕ್ಟ್’ ಅನ್ನುವ ಕಾನೂನಿನ ಮಾತಿನಲ್ಲಿ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ‘ಫ್ಯಾಬ್ಯುಲಸ್’ ಅಂದರೆ ಆಗ ಕಟ್ಟುಕಥೆಯದು, ಪುರಾಣದ್ದು. ಪ್ರವಾಸ ಕಥನದಲ್ಲಿ ‘ಫ್ಯಾಬ್ಯುಲಸ್’ ಪ್ರಾಣಿ ಅಂತ ಬಂದರೆ ಸೊಗಸಾದ ಪ್ರಾಣಿಯಲ್ಲ, ಇಲ್ಲದ ಪ್ರಾಣಿ.

ನಿಘಂಟಿಗೆ ಬಂದರೆ, ಚರ್ಚ್ ಸ್ಟ್ರೀಟಿನ ಅಥವಾ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಚೇಂಬರ್ಸ್ ನಿಘಂಟು ಹುಡುಕಿ. ಹಳೆಯ ಪದಗಳನ್ನು ಬಿಡದೆ ಇಟ್ಟುಕೊಳ್ಳುವುದಕ್ಕೆ ಅದು ಹೆಸರುವಾಸಿ, ನಿಮ್ಮಂಥ ಓದುಗರಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ‘ಆರ್ಕೇಯಿಕ್’ ಅಂತ ಇದ್ದರೆ ಪದ ಹಳತು, ಕಾವ್ಯದಲ್ಲೋ ಪ್ರಾರ್ಥನೆಯಲ್ಲೋ ಇನ್ನೂ ಸಿಗಬಹುದು. ‘ಆಬ್ಸೊಲೀಟ್’ ಅಂತ ಇದ್ದರೆ ಬಳಕೆ ಪೂರ್ತಿ ನಿಂತಿದೆ. ಎರಡನ್ನೂ ಓದಿ ತಿಳಿದರೆ ಸಾಕು, ಬರೆಯಲು ಹೋಗಬೇಡಿ. ಫ್ಯಾದಮ್ ಕ್ರಿಯಾಪದವನ್ನು, ಫೋರ್ಟ್‌ನೈಟನ್ನು ಧೈರ್ಯವಾಗಿ ಬಳಸಿ. ಅಮೆರಿಕದವರಿಗೆ ಮೇಲ್ ಕಳಿಸುವಾಗ ಮಾತ್ರ ಫೋರ್ಟ್‌ನೈಟ್ ಬದಲು ‘ಟೂ ವೀಕ್ಸ್’ ಅನ್ನಿ, ಅಲ್ಲಿ ಆ ಪದ ಅಷ್ಟಾಗಿ ಚಾಲ್ತಿಯಲ್ಲಿಲ್ಲ. ‘ಫುಲ್‌ಸಮ್’ ಅನ್ನಂತೂ ಪೂರ್ತಿ ದೂರ ಇಡಿ. ಒಂದು ಕಾಲಕ್ಕೆ ಅದಕ್ಕೆ ‘ಧಾರಾಳ’ ಅಂತ ಅರ್ಥ, ಆಮೇಲೆ ‘ಅಸಹ್ಯ ಹುಟ್ಟಿಸುವಷ್ಟು ಅತಿಯಾದ’ ಅಂತ ಆಯಿತು, ಈಗ ಕೆಲವರು ಮತ್ತೆ ಒಳ್ಳೆಯ ಅರ್ಥದಲ್ಲಿ ಬಳಸುತ್ತಾರೆ. ನೀವು ಮನಸಾರೆ ಹೊಗಳಿ ‘ಫುಲ್‌ಸಮ್ ಪ್ರೇಸ್’ ಅಂತ ಬರೆದರೆ, ಓದಿದವರು ಬೆಣ್ಣೆ ಹಚ್ಚಿದ್ದು ಅಂದುಕೊಳ್ಳಬಹುದು.