ದವಡೆ ಸರಿ ಮಾಡಿಸಿದರೆ ಮೂಗು ಚಿಕ್ಕದಾಗುತ್ತದಾ?

ನಿಮಗೆ 22 ವರ್ಷ, ಕೆಳದವಡೆ ಹಿಂದಿದೆ, ಉಪ್ಪಳದ ಮನೆಯಲ್ಲಿ ಎಲ್ಲರೂ ‘ಮೂಗು ದೊಡ್ಡದು’ ಅನ್ನುತ್ತಾರೆ, ದವಡೆ ಸರಿ ಮಾಡಿಸಿದರೆ ಮೂಗು ಚಿಕ್ಕದಾಗುತ್ತದಾ ಎಂದು ಕೇಳಿದ್ದೀರಿ. ನಾನು ಬದಿಯಡ್ಕದ ಹತ್ತಿರ ಹಲ್ಲಿನ ಡಾಕ್ಟರ್. ಈ ಪ್ರಶ್ನೆ ನನ್ನ ಹತ್ತಿರವೂ ತುಂಬಾ ಬರುತ್ತದೆ.

ಕೆಳದವಡೆ ಮುಂದೆ ಬಂದರೆ ಮೂಗಿನ ಅಳತೆ ಬದಲಾಗುವುದಿಲ್ಲ, ಆದರೆ ನೋಡುವವರಿಗೆ ಚಿಕ್ಕದಾಗಿ ಕಾಣಬಹುದು. ಪಕ್ಕದಿಂದ ನೋಡುವಾಗ ಮೂಗಿನ ತುದಿ, ತುಟಿ, ಗದ್ದ ಮೂರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಗದ್ದ ಹಿಂದಿದ್ದರೆ ಮೂಗೇ ಎದ್ದು ಕಾಣುತ್ತದೆ. ಗಡ್ಡ ಬಿಟ್ಟ ಕೂಡಲೇ ಕೆಲವರ ಮುಖ ಬೇರೆಯೇ ಅನಿಸುವುದೂ ಇದಕ್ಕೇ.

ಮನೆಯಲ್ಲೇ ನೋಡಬಹುದು. ನೇರ ನಿಂತು, ಹಿಂದಿನ ಹಲ್ಲು ಕಚ್ಚಿ, ತುಟಿ ಸಡಿಲ ಬಿಟ್ಟು ಪಕ್ಕದಿಂದ ಒಂದು ಫೋಟೋ ತೆಗೆಸಿ. ಆಮೇಲೆ ಮುಂದಿನ ಹಲ್ಲುಗಳ ಅಂಚಿಗೆ ಅಂಚು ಕೂಡುವಷ್ಟು ಕೆಳದವಡೆ ಮುಂದೆ ತಂದು ಇನ್ನೊಂದು. ಫೋನನ್ನು ಹತ್ತಿರ ಹಿಡಿಯಬೇಡಿ, ಹತ್ತಿರದ ಕ್ಯಾಮೆರಾದಲ್ಲಿ ಯಾರ ಮೂಗಾದರೂ ದೊಡ್ಡದೇ. ಎರಡನೇ ಫೋಟೋ ಚೆನ್ನಾಗಿ ಕಂಡರೆ ತೊಂದರೆ ಹೆಚ್ಚಾಗಿ ದವಡೆಯದ್ದು, ಮೂಗಿನದ್ದಲ್ಲ.

ಈಗ ಮುಖ್ಯ ಮಾತು. ನಿಮ್ಮ ವಯಸ್ಸಿನಲ್ಲಿ ಬರೀ ಕ್ಲಿಪ್ ಹಾಕಿದರೆ ಹಲ್ಲು ಸರಿಯುತ್ತದೆ, ದವಡೆ ಬೆಳೆಯುವುದಿಲ್ಲ. ಕೆಲವೊಮ್ಮೆ ಮೇಲಿನ ಎರಡು ಹಲ್ಲು ಕಿತ್ತು ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಹಲ್ಲು ಚಂದ ಕೂರುತ್ತದೆ, ಉಬ್ಬು ಹೋಗುತ್ತದೆ. ಆದರೆ ಮೇಲ್ತುಟಿಯೂ ಸ್ವಲ್ಪ ಹಿಂದೆ ಹೋಗುತ್ತದೆ, ಗದ್ದ ಇದ್ದಲ್ಲೇ ಇರುತ್ತದೆ. ಆಗ ಮೂಗು ಮೊದಲಿಗಿಂತ ಉದ್ದ ಕಾಣಬಹುದು! ತುಟಿ ತೀರಾ ಮುಂದಿದ್ದವರಿಗೆ ಇದೇ ಒಳ್ಳೆಯ ದಾರಿ. ನಿಮಗೆ ಹೌದೋ ಅಲ್ಲವೋ ಎಂದು ಹಲ್ಲು ಕೀಳುವ ಮೊದಲೇ ಕೇಳಿ, ಕಿತ್ತ ಮೇಲೆ ಕೇಳಿ ಏನು ಪ್ರಯೋಜನ?

ದವಡೆಯನ್ನೇ ಮುಂದೆ ತರಬೇಕಾದರೆ ಸರ್ಜರಿ ಬೇಕು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಕ್ಲಿಪ್ ಇರುತ್ತದೆ. ಸರ್ಜರಿ ಆದ ಮೇಲೆ ಕೆಳತುಟಿ, ಗದ್ದ ಜೋಮು ಹಿಡಿದಂತಿರುವುದು ಸಾಮಾನ್ಯ, ಕೆಲವರಿಗೆ ಅದು ಪೂರ್ತಿ ಹೋಗುವುದಿಲ್ಲ. ಅಗಿಯುವುದಕ್ಕೆ ತೊಂದರೆ ಇಲ್ಲದೆ, ಸುಮ್ನೆ ಮನೆಯವರ ಮಾತಿಗೆ ಇಷ್ಟು ದೊಡ್ಡ ಸರ್ಜರಿ ಮಾಡಿಸಿಕೊಳ್ಳಬೇಡಿ ಮಾರಾಯ್ರೇ. ಕಚ್ಚುವಿಕೆ ಸರಿಯಿದ್ದು ಗದ್ದ ಮಾತ್ರ ಚಿಕ್ಕದಿದ್ದರೆ, ಗದ್ದದ ಮೂಳೆಯನ್ನಷ್ಟೇ ಮುಂದೆ ತರುವ ಚಿಕ್ಕ ಸರ್ಜರಿ ಇದೆ.

ಮೇಲ್ದವಡೆ ಸರಿಸಿದರೆ ಮಾತ್ರ ಮೂಗು ನಿಜವಾಗಿಯೂ ಬದಲಾಗುತ್ತದೆ. ಮೂಗು ಕೂತಿರುವುದೇ ಆ ಮೂಳೆಯ ಮೇಲೆ ಅಲ್ವಾ? ಮುಂದೆ ತಂದಾಗ ಹೊಳ್ಳೆಗಳ ಬುಡ ಅಗಲವಾಗುತ್ತದೆ, ತುದಿ ತುಸು ಮೇಲೇಳುತ್ತದೆ. ಅಗಲ ಜಾಸ್ತಿ ಆಗದಂತೆ ಸರ್ಜನ್ ಒಳಗಿನಿಂದ ಹೊಲಿಗೆ ಹಾಕಿ ಬಿಗಿಯುತ್ತಾರೆ. ಮೂಗಿನ ಸರ್ಜರಿಯ ಯೋಚನೆಯಿದ್ದರೂ ದವಡೆಯದ್ದು ಮೊದಲು ಮುಗಿಯಲಿ.

ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ಮುಖ ಬದಲಾಗುತ್ತದೆ ಎನ್ನುವ ವಿಡಿಯೋಗಳನ್ನು ನಂಬಬೇಡಿ, ದೊಡ್ಡವರ ಮೂಳೆ ಅದರಿಂದ ಸರಿಯುವುದಿಲ್ಲ.

ಮಂಗಳೂರಿನ ಯಾವುದಾದರೂ ಡೆಂಟಲ್ ಕಾಲೇಜಿಗೆ ಹೋಗಿ, ಆರ್ಥೊಡಾಂಟಿಸ್ಟ್ (ಹಲ್ಲು, ದವಡೆಯ ಜೋಡಣೆ ಸರಿ ಮಾಡುವ ಡಾಕ್ಟರ್) ಹತ್ತಿರ ಮುಖದ ಪಕ್ಕದಿಂದ ಎಕ್ಸ್‌ರೇ ತೆಗೆಸಿ. ಹಿಂದಿರುವುದು ಕೆಳದವಡೆಯೋ, ಬರೀ ಗದ್ದವೋ, ಇಲ್ಲ ಮೇಲಿನದ್ದೇ ಮುಂದಿದೆಯೋ ಅದರಲ್ಲಿ ಗೊತ್ತಾಗುತ್ತದೆ. ಆ ಎರಡು ಫೋಟೋಗಳನ್ನೂ ತೋರಿಸಿ.